ಮಂಡಿ ಸವೆದ ಕ್ಯಾಚರ್‌ಗೆ ಎಷ್ಟು ಬೆಲೆ?

ದನದ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದವನು ಮೊದಲು ನೋಡುವುದು ಅದರ ಬಾಯಿಯನ್ನು. ಹಲ್ಲು ಎಣಿಸಿ ವಯಸ್ಸು ತಿಳಿದುಕೊಂಡ ಮೇಲೆಯೇ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಅಮೆರಿಕದ ಬೇಸ್‌ಬಾಲ್ ಲೋಕದಲ್ಲಿಯೂ ಪ್ರತಿ ವರ್ಷ ಜುಲೈ ಕೊನೆಯ ಹೊತ್ತಿಗೆ ಹೆಚ್ಚುಕಡಿಮೆ ಇಂಥದೇ ಒಂದು ಜಾತ್ರೆ ನೆರೆಯುತ್ತದೆ. ಅಲ್ಲಿ ಕೈ ಬದಲಾಗುವುದು ಆಟಗಾರರು. ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಪ್ರತಿಯಾಗಿ ಅಲ್ಲಿಂದ ಒಬ್ಬನನ್ನೋ ಇಬ್ಬರನ್ನೋ ಪಡೆಯುತ್ತದೆ. ಇದಕ್ಕೆ ‘ಟ್ರೇಡ್’ ಎಂದು ಹೆಸರು. ಮನುಷ್ಯರನ್ನು ಎತ್ತಿಗೆ ಹೋಲಿಸುವುದು ಸಭ್ಯತೆಯಲ್ಲ, ನಿಜ. ಆದರೆ ಈ ವ್ಯವಹಾರದಲ್ಲಿ ಆಟಗಾರನ ಒಪ್ಪಿಗೆ ಕೇಳುವುದೂ ಅಪರೂಪವೇ. ಕರಾರಿನಲ್ಲಿ ಮೊದಲೇ ಆ ಹಕ್ಕನ್ನು ಬರೆಸಿಕೊಂಡವರು, ಇಲ್ಲವೇ ಹತ್ತು ವರ್ಷ ಆಡಿ ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಕಳೆದವರು ಮಾತ್ರ ‘ನಾನು ಹೋಗುವುದಿಲ್ಲ’ ಎನ್ನಬಲ್ಲರು. ಉಳಿದವರು ಗಂಟುಮೂಟೆ ಕಟ್ಟಲೇಬೇಕು.

ಈ ಜಾತ್ರೆಯಲ್ಲಿ ವರ್ಷವೂ ಎದ್ದು ಬರುವ, ವರ್ಷವೂ ಬಗೆಹರಿಯದ ಒಂದು ಚರ್ಚೆಯಿದೆ. ಮೂವತ್ತು ದಾಟಿದ, ಬ್ಯಾಟಿನ ಕಸುವು ಕುಂದಿದ, ಮಂಡಿ ಸವೆದ ಹಳೆಯ ಕ್ಯಾಚರ್ ಒಬ್ಬನನ್ನು ತರಲು ಬೆಳೆಯುವ ಹುಡುಗರನ್ನು ಕೊಡುವುದು ಜಾಣತನವೋ, ದಡ್ಡತನವೋ? ಪತ್ರಿಕೆಗಳಲ್ಲಿ, ರೇಡಿಯೋದಲ್ಲಿ, ಸ್ಟೇಡಿಯಂನ ಬೆಂಚುಗಳ ಮೇಲೆ ಇದರ ಮೇಲೆ ನಡೆಯುವ ವಾದಕ್ಕೆ ಕೊನೆಯೇ ಇಲ್ಲ.

ಕ್ಯಾಚರ್ ಎಂದರೆ ಯಾರು ಎಂಬುದನ್ನು ಮೊದಲು ಹೇಳಿಬಿಡಬೇಕು. ನಮ್ಮ ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದಂತೆ ಎಂದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಕಿರ್ಮಾನಿ ಸ್ಟಂಪಿನ ಹಿಂದೆ ಕೂತು ಏಳುತ್ತಿದ್ದುದನ್ನು ನೋಡಿದವರಿಗೆ ಆ ಕೆಲಸದ ಶ್ರಮ ಗೊತ್ತು. ಆದರೆ ವೇಗದ ಬೌಲರ್ ಬಂದಾಗ ಕೀಪರ್ ಹಿಂದಕ್ಕೆ ಸರಿದು ನಿಲ್ಲಬಹುದು. ಕ್ಯಾಚರ್‌ಗೆ ಆ ಸೌಲಭ್ಯವಿಲ್ಲ. ಗಂಟೆಗೆ 150 ಕಿಲೋಮೀಟರಿಗೂ ಮೀರಿ ಬರುವ ಚೆಂಡನ್ನು ಆತ ಬ್ಯಾಟಿನ ಬೆನ್ನಿಗೇ ಕುಕ್ಕರುಗಾಲಿನಲ್ಲಿ ಕೂತು ಹಿಡಿಯಬೇಕು. ಒಂದು ಪಂದ್ಯಕ್ಕೆ ಸುಮಾರು 150 ಸಲ ಕೂತು ಏಳಬೇಕು. ಋತುವಿಗೆ ಒಟ್ಟು 162 ಪಂದ್ಯ. ಮುಖಕ್ಕೆ ಜಾಲರಿ, ಎದೆಗೆ ಕವಚ, ಕಾಲಿಗೆ ಪ್ಯಾಡು. ಈ ಸರಂಜಾಮಿಗೆ ಅಮೆರಿಕದವರು ಇಟ್ಟ ಅಡ್ಡಹೆಸರಿಗೆ ‘ಅಜ್ಞಾನದ ಸಲಕರಣೆಗಳು’ ಎಂದು ಅರ್ಥ. ಬುದ್ಧಿಯಿದ್ದವನು ಇದನ್ನು ತೊಟ್ಟುಕೊಳ್ಳಲಾರ ಎಂಬ ತಮಾಷೆ.

ತಮಾಷೆಯೇನೋ ಸರಿ, ಆದರೆ ಮೈದಾನದಲ್ಲಿ ಅತಿ ಹೆಚ್ಚು ಬುದ್ಧಿ ಓಡಿಸಬೇಕಾದವನೂ ಆತನೇ. ಪಿಚರ್ ಮುಂದಿನ ಚೆಂಡು ಯಾವುದು ಎಸೆಯಬೇಕು, ಎಲ್ಲಿಗೆ ಎಸೆಯಬೇಕು ಎಂದು ಸೂಚಿಸುವವನು ಕ್ಯಾಚರ್. ಎದುರಾಳಿ ಬ್ಯಾಟುಗಾರನ ದೌರ್ಬಲ್ಯ ಅವನಿಗೆ ಬಾಯಿಪಾಠವಾಗಿರಬೇಕು. ಎದೆಗುಂದಿದ ಪಿಚರ್ ಬಳಿ ನಡೆದು ಹೋಗಿ ಎರಡು ಮಾತಾಡಿ ಬರಬೇಕು. ಬೇಸ್ ಕದಿಯಲು ಓಡುವವನನ್ನು ಕುಳಿತಲ್ಲಿಂದಲೇ ಎದ್ದು ಎಸೆದು ಔಟ್ ಮಾಡಬೇಕು. ಉಳಿದ ಎಂಟು ಜನ ಮೈದಾನದ ಒಳಗಿನಿಂದ ಬ್ಯಾಟಿನ ಕಡೆಗೆ ನೋಡುತ್ತಾರೆ. ಇಡೀ ಆಟವನ್ನು ಎದುರಿಗೆ ಇಟ್ಟುಕೊಂಡು ನೋಡುವವನು ಇವನೊಬ್ಬನೇ.

ಜಗಳದ ಬೇರು ಇಲ್ಲಿಯೇ ಇದೆ. ಕ್ಯಾಚರ್‌ನ ದೇಹ ಬೇಗ ಮುದಿಯಾಗುತ್ತದೆ, ಬುದ್ಧಿ ತಡವಾಗಿ ಮಾಗುತ್ತದೆ. ಕೊಳ್ಳುವವನು ಯಾವುದಕ್ಕೆ ದುಡ್ಡು ಕೊಡುತ್ತಿದ್ದಾನೆ?

* * *

ಬೇಡ ಎನ್ನುವವರ ವಾದವನ್ನು ಮೊದಲು ಕೇಳೋಣ. ಅವರು ತಪ್ಪದೆ ಮುಂದಿಡುವ ಉದಾಹರಣೆ 2008ರ ಇವಾನ್ ರೊಡ್ರಿಗಸ್‌ನದು.

ಪೋರ್ಟೊ ರಿಕೊ ದ್ವೀಪದ ರೊಡ್ರಿಗಸ್ ಸಾಮಾನ್ಯ ಆಟಗಾರನಲ್ಲ. 1999ರಲ್ಲಿ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರ, 2003ರಲ್ಲಿ ಫ್ಲಾರಿಡಾ ಮಾರ್ಲಿನ್ಸ್ ತಂಡದೊಡನೆ ವಿಶ್ವ ಸರಣಿ ಗೆದ್ದವನು, ಕ್ಷೇತ್ರರಕ್ಷಣೆಗೆ ಕೊಡುವ ‘ಗೋಲ್ಡ್ ಗ್ಲೋವ್’ ಪ್ರಶಸ್ತಿಯನ್ನು 13 ಸಲ ಪಡೆದವನು. 2008ರ ಜುಲೈ 30ರಂದು ಡೆಟ್ರಾಯಿಟ್ ಟೈಗರ್ಸ್ ಅವನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟು, ಬದಲಿಗೆ ಕೈಲ್ ಫಾರ್ನ್ಸ್‌ವರ್ತ್ ಎಂಬ ಪಿಚರ್‌ನನ್ನು ಪಡೆಯಿತು. ಆಗ ರೊಡ್ರಿಗಸ್‌ಗೆ 36 ವರ್ಷ. ಯಾಂಕೀಸ್‌ನ ಖಾಯಂ ಕ್ಯಾಚರ್ ಹೋರ್ಹೆ ಪೊಸಾಡಾ ಭುಜದ ಶಸ್ತ್ರಚಿಕಿತ್ಸೆಗೆ ಹೋಗುವವನಿದ್ದ. ಡೆಟ್ರಾಯಿಟ್‌ನಲ್ಲಿ ಆ ವರ್ಷ ರೊಡ್ರಿಗಸ್‌ನ ಬ್ಯಾಟಿಂಗ್ ಸರಾಸರಿ 0.295, ಅಂದರೆ ಹತ್ತು ಸಲ ಬ್ಯಾಟು ಹಿಡಿದರೆ ಮೂರು ಸಲ ಹಿಟ್. ಕ್ಯಾಚರ್ ಒಬ್ಬನಿಗೆ ಅದು ತುಂಬಾ ಒಳ್ಳೆಯ ಲೆಕ್ಕ. ‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂದುಕೊಂಡು ನ್ಯೂಯಾರ್ಕಿನವರು ಖುಷಿಪಟ್ಟರು.

ಆದದ್ದು ಬೇರೆ. ಯಾಂಕೀಸ್ ಪರ ಆಡಿದ 33 ಪಂದ್ಯಗಳಲ್ಲಿ ರೊಡ್ರಿಗಸ್‌ನ ಸರಾಸರಿ 0.219ಕ್ಕೆ ಇಳಿಯಿತು, ಬ್ಯಾಟಿನಿಂದ ತಂಡಕ್ಕೆ ತಂದುಕೊಟ್ಟ ರನ್ ಬರೀ ಮೂರು. ಯಾಂಕೀಸ್ 89 ಪಂದ್ಯ ಗೆದ್ದರೂ 1993ರ ನಂತರ ಮೊದಲ ಬಾರಿಗೆ ಅಂತಿಮ ಸುತ್ತುಗಳಿಂದ ಹೊರಗುಳಿಯಿತು. ಫಾರ್ನ್ಸ್‌ವರ್ತ್‌ನಿಂದ ಡೆಟ್ರಾಯಿಟ್‌ಗೂ ಭಾಗ್ಯ ಬರಲಿಲ್ಲ. ಅದು ತನ್ನ ವಿಭಾಗದಲ್ಲಿ ಕೊನೆಯ ಸ್ಥಾನಕ್ಕೆ ಹೋಗಿ ಕುಳಿತಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಯಿತು ಎರಡೂ ಕಡೆಯ ಪಾಡು.

ಇಷ್ಟೇ ಆಗಿದ್ದರೆ ದುರದೃಷ್ಟ ಎಂದು ಸುಮ್ಮನಾಗಬಹುದಿತ್ತು. ಆದರೆ ಆ ವರ್ಷ ಯಾಂಕೀಸ್ ಬಳಿ ಹೋಸೆ ಮೊಲಿನಾ ಎಂಬ ಇನ್ನೊಬ್ಬ ಕ್ಯಾಚರ್ ಇದ್ದ. ಸರಾಸರಿ 0.216. ಆತನನ್ನು ಎಲ್ಲರೂ ಲೆಕ್ಕಕ್ಕೆ ಸಿಗದ ಬದಲಿ ಆಟಗಾರ ಎಂದೇ ನೋಡುತ್ತಿದ್ದರು. ಅದೇ ಹೊತ್ತಿಗೆ ಎಲ್ಲ ಸ್ಟೇಡಿಯಂಗಳಲ್ಲಿ ಚೆಂಡಿನ ದಾರಿಯನ್ನು ಅಳೆಯುವ ಕ್ಯಾಮೆರಾಗಳನ್ನು ಅಳವಡಿಸಿದ್ದರು. ಕೆಲವು ವರ್ಷಗಳ ನಂತರ ಲೆಕ್ಕ ಬಲ್ಲವರು ಆ ದಾಖಲೆಯನ್ನು ಕೂತು ಜಾಲಾಡಿದಾಗ ಅಚ್ಚರಿ ಕಾದಿತ್ತು. ಅಂಚಿನಲ್ಲಿ ಬಂದ ಚೆಂಡನ್ನು ಕೈ ಅಲುಗಿಸದೆ ನಯವಾಗಿ ಹಿಡಿದು, ಅಂಪೈರ್ ಬಾಯಿಂದ ‘ಸ್ಟ್ರೈಕ್’ ಎನಿಸುವ ವಿದ್ಯೆಯಲ್ಲಿ ಮೊಲಿನಾನಂಥವರು ಬೆರಳೆಣಿಕೆಯಷ್ಟು. ಈ ವಿದ್ಯೆಗೆ ‘ಫ್ರೇಮಿಂಗ್’ ಎಂದು ಹೆಸರು. 2008ರಲ್ಲಿ ಆತ ಈ ಒಂದು ಕೈಚಳಕದಿಂದಲೇ ಉಳಿಸಿದ ರನ್ನುಗಳು, ದೊಡ್ಡ ಹೆಸರಿನವರು ಬ್ಯಾಟಿನಿಂದ ತರುವ ರನ್ನುಗಳಿಗೆ ಸರಿದೂಗುವಂಥವು ಎಂದು ತಿಳಿದುಬಂತು. ಮನೆಯ ಹಿತ್ತಲಲ್ಲಿದ್ದ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ ನೋಡಿ. 2008ರ ಸೆಪ್ಟೆಂಬರ್ 21ರಂದು ಹಳೆಯ ಯಾಂಕೀ ಸ್ಟೇಡಿಯಂನಲ್ಲಿ ನಡೆದ ಕೊನೆಯ ಪಂದ್ಯದಲ್ಲಿ, ಆ ಐತಿಹಾಸಿಕ ಅಂಗಳದ ಕೊನೆಯ ಹೋಮ್ ರನ್ ಹೊಡೆದವನೂ ಈ ಮೊಲಿನಾನೇ.

ಬೇಡ ಎನ್ನುವವರ ಎರಡನೆಯ ಸಾಕ್ಷಿ ಜೊನಾಥನ್ ಲೂಕ್ರಾಯ್. 2016ರ ಜುಲೈ ಕೊನೆಯಲ್ಲಿ ಈತ ಮಾರುಕಟ್ಟೆಯ ಅತಿ ಬೆಲೆಬಾಳುವ ಕ್ಯಾಚರ್. ಕ್ಲೀವ್‌ಲ್ಯಾಂಡ್‌ಗೆ ಹೋಗು ಎಂದಾಗ ತನ್ನ ಕರಾರಿನ ಹಕ್ಕು ಬಳಸಿ ಒಲ್ಲೆ ಎಂದ. ಆ ಕ್ಲೀವ್‌ಲ್ಯಾಂಡ್ ಅದೇ ವರ್ಷ ವಿಶ್ವ ಸರಣಿಯ ಏಳನೆಯ ಪಂದ್ಯದವರೆಗೆ ಹೋಯಿತು. ಲೂಕ್ರಾಯ್ ಟೆಕ್ಸಸ್ ಸೇರಿದ. ಅವನಿಗಾಗಿ ಟೆಕ್ಸಸ್ ಕೊಟ್ಟ ಹುಡುಗರಲ್ಲಿ ಲೂಯಿಸ್ ಬ್ರಿನ್ಸನ್ ಒಬ್ಬ. ಪಡೆದ ಮಿಲ್ವಾಕಿ ತಂಡ ಈ ಬ್ರಿನ್ಸನ್‌ನನ್ನು ಇನ್ನೂ ಮೂವರ ಜೊತೆ ಸೇರಿಸಿ 2018ರ ಜನವರಿಯಲ್ಲಿ ಕ್ರಿಸ್ಟಿಯನ್ ಯೆಲಿಚ್‌ನನ್ನು ತಂದುಕೊಂಡಿತು. ಯೆಲಿಚ್ ಅದೇ ವರ್ಷ ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರನಾದ. ಇತ್ತ ಲೂಕ್ರಾಯ್ 2017ರಲ್ಲಿ ಹಠಾತ್ತನೆ ಕುಸಿದ. ಬ್ಯಾಟೂ ಕೈಕೊಟ್ಟಿತು, ಹಿಂದೆ ಹೆಸರು ತಂದಿದ್ದ ಫ್ರೇಮಿಂಗ್ ಕೂಡ ಕೈಕೊಟ್ಟಿತು. ಆ ಜುಲೈನಲ್ಲಿ ಟೆಕ್ಸಸ್ ಅವನನ್ನು ಕೊಲೊರಾಡೊ ರಾಕೀಸ್‌ಗೆ ಬಿಟ್ಟುಕೊಟ್ಟಿತು. ಪ್ರತಿಯಾಗಿ ಸಿಕ್ಕಿದ್ದು ‘ಹೆಸರನ್ನು ಆಮೇಲೆ ತಿಳಿಸುತ್ತೇವೆ’ ಎಂಬ ಷರತ್ತಿನ ಒಬ್ಬ ಆಟಗಾರ. ಒಂದೇ ವರ್ಷದಲ್ಲಿ ಚಿನ್ನದ ಬೆಲೆಯಿಂದ ತವರದ ಬೆಲೆಗೆ ಇಳಿಯಿತು ಎಂದರೆ ಕ್ಯಾಚರ್‌ನ ಮುಪ್ಪು ಎಷ್ಟು ಅವಸರದ್ದು ಎಂಬುದು ತಿಳಿಯುತ್ತದೆ.

ಆದರೆ ಇದೇ ಲೂಕ್ರಾಯ್ ಕತೆಗೆ ಇನ್ನೊಂದು ಬಾಲವಿದೆ. ರಾಕೀಸ್‌ನಲ್ಲಿ ಆ ವರ್ಷ ಪಿಚರ್‌ಗಳಲ್ಲಿ ಅರ್ಧಕ್ಕರ್ಧ ಹೊಸ ಹುಡುಗರು. ಅವರ ಎದುರು ಕೂತ ಲೂಕ್ರಾಯ್ ಉಳಿದ ಎರಡು ತಿಂಗಳು 0.310ರ ಸರಾಸರಿಯಲ್ಲಿ ಬ್ಯಾಟು ಬೀಸಿದ. 2009ರ ನಂತರ ಮೊದಲ ಬಾರಿಗೆ ರಾಕೀಸ್ ಅಂತಿಮ ಸುತ್ತಿಗೆ ಕಾಲಿಟ್ಟಿತು. ಅಲ್ಲಿ ಒಂದೇ ಪಂದ್ಯದಲ್ಲಿ ಅರಿಜೋನಾ ಎದುರು 11-8ರಿಂದ ಸೋತಿತೆನ್ನಿ. ಚಿನ್ನದ ಬೆಲೆಗೆ ಕೊಂಡ ಟೆಕ್ಸಸ್‌ಗೆ ಅದು ನಷ್ಟ, ತವರದ ಬೆಲೆಗೆ ಕೊಂಡ ಕೊಲೊರಾಡೊಗೆ ಲಾಭ. ಆಟಗಾರ ಒಬ್ಬನೇ!

* * *

ಬೇಕು ಎನ್ನುವವರು ನೇರವಾಗಿ ಹ್ಯೂಸ್ಟನ್ ನಗರದ ಕಡೆ ಕೈ ತೋರಿಸುತ್ತಾರೆ. ಹ್ಯೂಸ್ಟನ್ ಆಸ್ಟ್ರೋಸ್ ತಂಡ ಆರು ವರ್ಷಗಳಲ್ಲಿ ನಾಲ್ಕು ಸಲ ಈ ಪ್ರಯೋಗ ಮಾಡಿತು. ಹೀಗಾಗಿ ಅದರ ಖಾತೆ ಪುಸ್ತಕವನ್ನು ತೆರೆದು ನೋಡುವುದು ಉಪಯುಕ್ತ.

ಮೊದಲನೆಯದು 2016ರ ನವೆಂಬರಿನಲ್ಲಿ. ಯಾಂಕೀಸ್‌ನಲ್ಲಿ ಗ್ಯಾರಿ ಸಾಂಚೆಸ್ ಎಂಬ ಹುಡುಗ 53 ಪಂದ್ಯಗಳಲ್ಲಿ 20 ಹೋಮ್ ರನ್ ಹೊಡೆದು ಬಿರುಗಾಳಿ ಎಬ್ಬಿಸಿದ್ದ. ಅಲ್ಲಿದ್ದ 32 ವರ್ಷದ ಬ್ರಯಾನ್ ಮೆಕ್ಯಾನ್‌ಗೆ ಕೂರಲು ಜಾಗವಿಲ್ಲದಾಯಿತು. ಅತ್ತ ಹ್ಯೂಸ್ಟನ್‌ನ ಕ್ಯಾಚರ್ ಜೇಸನ್ ಕ್ಯಾಸ್ಟ್ರೊ ಕರಾರು ಮುಗಿಸಿದ್ದ. ಮೆಕ್ಯಾನ್ ತನ್ನ ನಿರಾಕರಣೆಯ ಹಕ್ಕನ್ನು ಬಿಟ್ಟುಕೊಟ್ಟು ಹ್ಯೂಸ್ಟನ್‌ಗೆ ಹೊರಟ. ಅವನ ಕರಾರಿನಲ್ಲಿ ಇನ್ನೂ ಎರಡು ವರ್ಷಕ್ಕೆ 3 ಕೋಟಿ 40 ಲಕ್ಷ ಡಾಲರ್ ಬಾಕಿ. ಅದರಲ್ಲಿ 1 ಕೋಟಿ 10 ಲಕ್ಷವನ್ನು ಯಾಂಕೀಸ್ ತಾನೇ ಭರಿಸಲು ಒಪ್ಪಿತು. ಹ್ಯೂಸ್ಟನ್ ಕೊಟ್ಟಿದ್ದು ಇಬ್ಬರು ಎಳೆಯ ಪಿಚರ್‌ಗಳನ್ನು. ಅವರಿಬ್ಬರಲ್ಲಿ ಯಾರೂ ಮುಂದೆ ದೊಡ್ಡ ಹೆಸರು ಮಾಡಲಿಲ್ಲ.

2017ರಲ್ಲಿ ಮೆಕ್ಯಾನ್‌ನ ಸರಾಸರಿ 0.241, ಹೋಮ್ ರನ್ 18. ಹೊಗಳುವಂಥದ್ದೇನಲ್ಲ, ತೆಗಳುವಂಥದ್ದೂ ಅಲ್ಲ. ಆದರೆ ಅಕ್ಟೋಬರಿನಲ್ಲಿ ಲೀಗಿನ ಫೈನಲ್ ಸರಣಿಯಲ್ಲಿ ಹ್ಯೂಸ್ಟನ್ ಎದುರಿಗೆ ಬಂದದ್ದು ಯಾಂಕೀಸೇ. ಎರಡನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಓಡಿಬರುತ್ತಿದ್ದ ಹೊಸೆ ಆಲ್ಟೂವೆಯನ್ನು ಔಟ್ ಮಾಡಲು ಬಂದ ಎಸೆತ ಯುವಕ ಸಾಂಚೆಸ್‌ನ ಕೈಯಿಂದ ಜಾರಿತು, ಹ್ಯೂಸ್ಟನ್ 2-1ರಿಂದ ಗೆದ್ದಿತು. ಏಳನೆಯ, ನಿರ್ಣಾಯಕ ಪಂದ್ಯದಲ್ಲಿ ಹ್ಯೂಸ್ಟನ್ ಕೇವಲ ಒಂದು ರನ್ ಮುಂದಿದ್ದಾಗ ಯಾಂಕೀಸ್‌ನ ಗ್ರೆಗ್ ಬರ್ಡ್ ಮೂರನೆಯ ಬೇಸಿನಿಂದ ಮನೆಯ ಕಡೆ ಧಾವಿಸಿದ. ಅಲೆಕ್ಸ್ ಬ್ರೆಗ್ಮನ್ ಎಸೆದ ಚೆಂಡನ್ನು ಮೆಕ್ಯಾನ್ ತಾಳ್ಮೆಯಿಂದ ಹಿಡಿದು ಬರ್ಡ್‌ನನ್ನು ಮುಟ್ಟಿ ಔಟ್ ಮಾಡಿದ. ಅದೇ ಇನ್ನಿಂಗ್ಸಿನ ಹ್ಯೂಸ್ಟನ್ ಸರದಿಯಲ್ಲಿ ಎರಡು ರನ್ ತರುವ ಹೊಡೆತವನ್ನೂ ಹೊಡೆದ. 4-0 ಗೆಲುವು. ಸಂಬಳದ ಒಂದು ಪಾಲನ್ನು ಕೊಡುತ್ತಿದ್ದವರು ಯಾಂಕೀಸ್, ಅವರನ್ನೇ ಮನೆಗೆ ಕಳಿಸಿದವನು ಮೆಕ್ಯಾನ್! ಆಮೇಲೆ ಹ್ಯೂಸ್ಟನ್ ತನ್ನ ಮೊದಲ ವಿಶ್ವ ಸರಣಿಯನ್ನು ಗೆದ್ದಿತು.

ಒಂದು ಮಾತು ಇಲ್ಲಿ ಹೇಳದೆ ಬಿಡುವಂತಿಲ್ಲ. ಆ ವರ್ಷ ಹ್ಯೂಸ್ಟನ್‌ನವರು ಎದುರಾಳಿ ಕ್ಯಾಚರ್‌ನ ಗುಪ್ತ ಸಂಜ್ಞೆಗಳನ್ನು ಕ್ಯಾಮೆರಾ ಬಳಸಿ ಕದ್ದಿದ್ದರು ಎಂಬುದು 2020ರ ಜನವರಿಯಲ್ಲಿ ಪ್ರಕಟವಾದ ತನಿಖೆಯಿಂದ ಸಾಬೀತಾಯಿತು. 50 ಲಕ್ಷ ಡಾಲರ್ ದಂಡವೂ ಬಿತ್ತು. ಹಾಗಾಗಿ ಆ ತಂಡದ ಆ ವರ್ಷದ ಬ್ಯಾಟಿಂಗ್ ಅಂಕಿಗಳನ್ನೆಲ್ಲ ಜನ ಅನುಮಾನದಿಂದಲೇ ನೋಡುತ್ತಾರೆ, ನೋಡಬೇಕಾದದ್ದೇ. ಆದರೆ ಮನೆಯ ಬಾಗಿಲಲ್ಲಿ ಬರ್ಡ್‌ನನ್ನು ತಡೆದದ್ದಕ್ಕೆ ಯಾವ ಕ್ಯಾಮೆರಾದ ಸಹಾಯವೂ ಇರಲಿಲ್ಲ.

ಎರಡನೆಯ ಪ್ರಯೋಗ 2018ರ ಜುಲೈನಲ್ಲಿ. ಮೆಕ್ಯಾನ್‌ನ ಮಂಡಿ ಕೊನೆಗೂ ಕೈಕೊಟ್ಟು ಶಸ್ತ್ರಚಿಕಿತ್ಸೆಯಾಯಿತು. ಹ್ಯೂಸ್ಟನ್ ತಕ್ಷಣ ಏಂಜಲ್ಸ್ ತಂಡದಿಂದ 31 ವರ್ಷದ ಮಾರ್ಟಿನ್ ಮಾಲ್ಡೊನಾಡೊನನ್ನು ತಂದಿತು. ಮಾಲ್ಡೊನಾಡೊನ ಬ್ಯಾಟಿನ ಬಗ್ಗೆ ಯಾರಿಗೂ ಭ್ರಮೆಯಿರಲಿಲ್ಲ, ಗ್ಲೋವಿನ ಬಗ್ಗೆ ಅನುಮಾನವಿರಲಿಲ್ಲ. ಬದಲಿಗೆ ಹೋದದ್ದು ಮುಖ್ಯವಾಗಿ ಪ್ಯಾಟ್ರಿಕ್ ಸ್ಯಾಂಡೊವಲ್ ಎಂಬ ಎಡಗೈ ಪಿಚರ್. ಹ್ಯೂಸ್ಟನ್ ಆ ವರ್ಷ ಬಾಸ್ಟನ್ ಎದುರು ಸೋತು ಹೊರಬಿತ್ತು, ಋತು ಮುಗಿದೊಡನೆ ಮಾಲ್ಡೊನಾಡೊನ ಕರಾರೂ ಮುಗಿಯಿತು. ಸ್ಯಾಂಡೊವಲ್ ಮಾತ್ರ 2019ರಿಂದ 2024ರವರೆಗೆ ಏಂಜಲ್ಸ್ ಪರವಾಗಿ ಚೆಂಡೆಸೆದ. ಮೂರು ತಿಂಗಳ ಕ್ಯಾಚರ್‌ಗೆ ಆರು ಋತುಗಳ ಪಿಚರ್. ಈ ಪುಟದಲ್ಲಿ ನಷ್ಟವನ್ನು ಕೆಂಪು ಶಾಯಿಯಲ್ಲಿಯೇ ಬರೆಯಬೇಕು.

ವಿಚಿತ್ರವೆಂದರೆ 2019ರ ಜುಲೈ 31ರಂದು ಹ್ಯೂಸ್ಟನ್ ಅದೇ ಮಾಲ್ಡೊನಾಡೊನನ್ನು ಮತ್ತೆ ಕೊಂಡಿತು. ಆ ಒಂದೇ ವರ್ಷ ಆತ ಕನ್ಸಾಸ್ ಸಿಟಿ, ಷಿಕಾಗೊ, ಹ್ಯೂಸ್ಟನ್ ಹೀಗೆ ಮೂರು ಊರಿನ ಅಂಗಿ ತೊಟ್ಟ. ಈ ಸಲ ಕೊಟ್ಟ ಬೆಲೆ ಟೋನಿ ಕೆಂಪ್ ಎಂಬ ಬದಲಿ ಆಟಗಾರ. ಆಮೇಲೆ ಮಾಲ್ಡೊನಾಡೊ ಅಲ್ಲಿಯೇ ಬೇರೂರಿದ.

2022ರಲ್ಲಿ ಅವನಿಗೆ 36 ತುಂಬಿತು. ಸರಾಸರಿ 0.186. ಐದು ಸಲ ಬ್ಯಾಟು ಹಿಡಿದರೆ ಒಂದು ಸಲವೂ ಹಿಟ್ ಗ್ಯಾರಂಟಿ ಇಲ್ಲ ಎನ್ನುವ ಲೆಕ್ಕ. ಅಂಥವನನ್ನು ಏಕೆ ಆಡಿಸುತ್ತೀರಿ ಎಂದು ಅಭಿಮಾನಿಗಳು ಕಿರುಚುತ್ತಿದ್ದರು. ಆದರೆ ಅವನ ಎದುರು ಚೆಂಡೆಸೆದ ಪಿಚರ್‌ಗಳ ಪಡೆ ಎದುರಾಳಿಗೆ ಬಿಟ್ಟುಕೊಟ್ಟ ರನ್ ಇಡೀ ಅಮೆರಿಕನ್ ಲೀಗಿನಲ್ಲೇ ಅತಿ ಕಡಿಮೆ. ಆ ಋತುವಿನ ಕೊನೆಯ ಭಾಗವನ್ನು ಆತ ಕೈಯ ಮೂಳೆ ಮುರಿದುಕೊಂಡೇ ಆಡಿದ್ದ ಎಂಬುದು ಆಮೇಲೆ ಗೊತ್ತಾಯಿತು. ವಿಶ್ವ ಸರಣಿಯ ಆರನೆಯ ಪಂದ್ಯದಲ್ಲಿ, ಹ್ಯೂಸ್ಟನ್ ಒಂದು ರನ್ ಹಿಂದಿದ್ದಾಗ, ಆತ ಪ್ಲೇಟಿನ ಹತ್ತಿರಕ್ಕೆ ಸರಿದು ನಿಂತು ಚೆಂಡನ್ನು ಮೈಮೇಲೆ ಬೀಳಿಸಿಕೊಂಡು ಮೊದಲ ಬೇಸ್ ಗಿಟ್ಟಿಸಿದ. ಅಲ್ಲಿಂದ ಶುರುವಾದ ಇನ್ನಿಂಗ್ಸಿನಲ್ಲಿ ಯೋರ್ಡಾನ್ ಆಲ್ವಾರೆಸ್‌ನ ಮೂರು ರನ್ನಿನ ಹೋಮ್ ರನ್ ಬಂತು. ಹ್ಯೂಸ್ಟನ್ 4-1ರಿಂದ ಗೆದ್ದು ಚಾಂಪಿಯನ್ ಆಯಿತು.

ನಾಲ್ಕನೆಯ ಪ್ರಯೋಗವೂ ಅದೇ ವರ್ಷದ್ದು. ಮಾಲ್ಡೊನಾಡೊಗೆ ಜೊತೆಯಾಗಲು ಹ್ಯೂಸ್ಟನ್ ಆಗಸ್ಟ್ 1ರಂದು ಬಾಸ್ಟನ್ ರೆಡ್ ಸಾಕ್ಸ್‌ನಿಂದ ಕ್ರಿಸ್ಟಿಯನ್ ವಾಸ್ಕೆಸ್‌ನನ್ನು ಪಡೆಯಿತು. ಇವನನ್ನು ಕಳೆಗುಂದಿದವನು ಎನ್ನಲಾಗದು, ಆದರೆ ಅದೇ ತಿಂಗಳು 32 ತುಂಬಲಿದ್ದ, ಋತುವಿನ ಕೊನೆಗೆ ಕರಾರು ಮುಗಿಯಲಿದ್ದ ಕ್ಯಾಚರ್. ಆ ದಿನ ಬಾಸ್ಟನ್ ತಂಡ ಆಡಲು ಬಂದಿದ್ದೇ ಹ್ಯೂಸ್ಟನ್‌ಗೆ. ಪಂದ್ಯಕ್ಕೆ ಮುನ್ನ ಬ್ಯಾಟಿಂಗ್ ಅಭ್ಯಾಸ ನಡೆಯುತ್ತಿರುವಾಗ ವಾಸ್ಕೆಸ್‌ಗೆ ಸುದ್ದಿ ಮುಟ್ಟಿತು. 2008ರಿಂದ ಬಾಸ್ಟನ್ ಸಂಸ್ಥೆಯಲ್ಲಿಯೇ ಬೆಳೆದಿದ್ದ ಆತ ಚೀಲ ಎತ್ತಿಕೊಂಡು ಎದುರಾಳಿಗಳ ಕೊಠಡಿಗೆ ನಡೆದು ಹೋದ. ಮೂರು ತಿಂಗಳ ನಂತರ, ನವೆಂಬರ್ 2ರಂದು ವಿಶ್ವ ಸರಣಿಯ ನಾಲ್ಕನೆಯ ಪಂದ್ಯದಲ್ಲಿ ಹ್ಯೂಸ್ಟನ್‌ನ ನಾಲ್ವರು ಪಿಚರ್‌ಗಳು ಸೇರಿ ಎದುರಾಳಿ ಫಿಲಡೆಲ್ಫಿಯಾಕ್ಕೆ ಒಂದೇ ಒಂದು ಹಿಟ್ ಕೂಡ ಕೊಡಲಿಲ್ಲ. ವಿಶ್ವ ಸರಣಿಯ ಇತಿಹಾಸದಲ್ಲಿ 1956ರ ಡಾನ್ ಲಾರ್ಸನ್ ನಂತರ ಇದು ಎರಡನೆಯದು. ಅಂದು ನಾಲ್ವರಿಗೂ ಚೆಂಡು ಸೂಚಿಸುತ್ತ ಪ್ಲೇಟಿನ ಹಿಂದೆ ಕೂತಿದ್ದವನು ವಾಸ್ಕೆಸ್.

ಹಾಗಾದರೆ ಲಾಭವೇ ಲಾಭ ಎನ್ನೋಣವೇ? ಅವನಿಗಾಗಿ ಬಾಸ್ಟನ್‌ಗೆ ಕೊಟ್ಟ ಇಬ್ಬರಲ್ಲಿ ಒಬ್ಬ ವಿಲಿಯರ್ ಅಬ್ರೆಯು. ಆತ 2024ರಲ್ಲಿ ಬಾಸ್ಟನ್‌ನ ರೈಟ್ ಫೀಲ್ಡಿನಲ್ಲಿ ಗೋಲ್ಡ್ ಗ್ಲೋವ್ ಗೆದ್ದ. ವಾಸ್ಕೆಸ್ ಆ ಚಳಿಗಾಲದಲ್ಲೇ ಮಿನೆಸೋಟಾಗೆ ಹೊರಟುಹೋದ. ಕಪ್ ಇದೆ, ಹುಡುಗ ಇಲ್ಲ. ಹ್ಯೂಸ್ಟನ್‌ನವರನ್ನು ಕೇಳಿದರೆ ಕಪ್ಪೇ ಸಾಕು ಎನ್ನುತ್ತಾರೆ. ಗೆಲ್ಲದೇ ಇದ್ದಿದ್ದರೆ? 2018ರ ಪುಟವನ್ನು ಇನ್ನೊಮ್ಮೆ ಓದಿಕೊಳ್ಳಬೇಕಾಗುತ್ತಿತ್ತು.

* * *

ಗೆದ್ದಾಗ ‘ಅನುಭವ’ ಎಂದು ಹೊಗಳುವುದು, ಸೋತಾಗ ‘ಮುದುಕ’ ಎಂದು ಬೈಯುವುದು ಬಹಳ ಸುಲಭ. ಆದರೆ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿಯುವಾಗ ಫಲಿತಾಂಶ ಯಾರಿಗೂ ಗೊತ್ತಿರುವುದಿಲ್ಲ. ಆ ಹೊತ್ತಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಯಾವುವು? ಮೇಲಿನ ಖಾತೆಗಳನ್ನೆಲ್ಲ ಕೂಡಿಸಿ ಕಳೆದರೆ ಮೂರು ಉಳಿಯುತ್ತವೆ.

ಮೊದಲನೆಯದು, ಮನೆಯಲ್ಲಿ ಯಾರಿದ್ದಾರೆ? 2016ರ ಹ್ಯೂಸ್ಟನ್‌ಗೆ ನೆಚ್ಚಬಹುದಾದ ಕ್ಯಾಚರ್ ಇರಲಿಲ್ಲ, ತಂದದ್ದು ಸರಿಯಾಯಿತು. 2008ರ ಯಾಂಕೀಸ್‌ಗೆ ಮೊಲಿನಾ ಇದ್ದ, ಗುರುತಿಸುವ ಕಣ್ಣಿರಲಿಲ್ಲ. ಹಳಬನನ್ನು ತಂದರೆ, ಅಥವಾ ಇಟ್ಟುಕೊಂಡರೆ, ಕೂರುವುದು ಯಾರ ಜಾಗದಲ್ಲಿ ಎಂಬುದೂ ಬೆಲೆಯ ಒಂದು ಭಾಗವೇ. 2023ರಲ್ಲಿ ಹ್ಯೂಸ್ಟನ್‌ನ ಯುವ ಕ್ಯಾಚರ್ ಯೈನರ್ ಡಿಯಾಸ್ 23 ಹೋಮ್ ರನ್ ಹೊಡೆದ. ಆದರೂ 0.191ರ ಮಾಲ್ಡೊನಾಡೊನೇ ಪ್ಲೇಟಿನ ಹಿಂದೆ ಮೊದಲ ಆಯ್ಕೆಯಾಗಿ ಉಳಿದ. ಆ ವರ್ಷ ಹ್ಯೂಸ್ಟನ್ ಲೀಗಿನ ಫೈನಲ್‌ನಲ್ಲಿ ಟೆಕ್ಸಸ್‌ಗೆ ಸೋತಿತು. ಹಿಂದಿನ ವರ್ಷ ಔಷಧಿಯಾಗಿದ್ದ ಅನುಭವ ಆ ವರ್ಷ ಅಭ್ಯಾಸವಾಗಿ ಉಳಿದಿತ್ತು ಎಂದು ಟೀಕಿಸಿದವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು.

ಎರಡನೆಯದು, ಆತ ಯಾರಿಗೆ ಚೆಂಡು ಹಿಡಿಯಬೇಕು? ಕ್ಯಾಚರ್‌ನ ಜ್ಞಾನ ಒಂಟಿಯಾಗಿ ನಿಲ್ಲುವಂಥದ್ದಲ್ಲ. ಒಳ್ಳೆಯ ಪಿಚರ್‌ಗಳು, ಗೆಲ್ಲುವ ಹಂಬಲದ ತಂಡ ಇದ್ದಾಗ ಅದಕ್ಕೆ ಬೆಲೆ. ಇದೇ ಮಾಲ್ಡೊನಾಡೊ 2024ರಲ್ಲಿ ಷಿಕಾಗೊ ವೈಟ್ ಸಾಕ್ಸ್ ಸೇರಿದ. ಸರಾಸರಿ 0.119. ಆ ತಂಡ 121 ಪಂದ್ಯ ಸೋತು ಆಧುನಿಕ ಬೇಸ್‌ಬಾಲ್‌ನಲ್ಲಿ ದಾಖಲೆ ಬರೆಯಿತು. ಬರಡು ನೆಲದಲ್ಲಿ ಹಳೆಯ ರೈತನ ಅನುಭವವೂ ಮೊಳಕೆಯೊಡೆಯುವುದಿಲ್ಲ. ಸೋಲುವ ತಂಡಕ್ಕೆ ಹಳೆಯ ಕ್ಯಾಚರ್ ಬೇಕಾಗುವುದು ಎಳೆಯರಿಗೆ ಕಲಿಸಲಿಕ್ಕಾದರೆ ಸರಿ; ಆಗಲೂ ಅವನಿಗಾಗಿ ಹುಡುಗರನ್ನು ಕೊಡುವ ಅಗತ್ಯವಿಲ್ಲ, ಸಂಬಳ ಕೊಟ್ಟರೆ ಸಾಕು.

ಮೂರನೆಯದು, ಕೊಡುವುದೇನು? ಇಲ್ಲಿ ಅಮೆರಿಕದ ಚತುರ ಆಡಳಿತಗಾರರು ಅನುಸರಿಸುವ ಒಂದು ದಾರಿಯಿದೆ. ಸಂಬಳದ ಹೊರೆಯನ್ನು ಹೆಚ್ಚು ಹೊತ್ತುಕೊಳ್ಳುತ್ತೇವೆ, ಹುಡುಗರನ್ನು ಕಡಿಮೆ ಕೊಡುತ್ತೇವೆ ಎಂದೋ, ಇಲ್ಲವೇ ಇದಕ್ಕೆ ತಿರುಗುಮುರುಗಾಗಿಯೋ ಚೌಕಾಸಿ ಮಾಡುತ್ತಾರೆ. ಕಳೆದ ಹಣವನ್ನು ಬರುವ ವರ್ಷ ಗಳಿಸಬಹುದು. ಇಪ್ಪತ್ತರ ಹುಡುಗ ಹೋದರೆ ಮತ್ತೊಬ್ಬನನ್ನು ಬೆಳೆಸಲು ಐದು ವರ್ಷ ಬೇಕು.

ಈ ಮೂರರಲ್ಲಿ ಆಟಗಾರನ ಹಳೆಯ ಪದಕಗಳ ಪ್ರಶ್ನೆಯೇ ಇಲ್ಲ ಎಂಬುದನ್ನು ಗಮನಿಸಿ. ರೊಡ್ರಿಗಸ್‌ನ 13 ಗೋಲ್ಡ್ ಗ್ಲೋವ್‌ಗಳು ಯಾಂಕೀಸ್‌ಗೆ ಒಂದು ಪಂದ್ಯವನ್ನೂ ಗೆದ್ದುಕೊಡಲಿಲ್ಲ. ಕೊಳ್ಳುವವನು ಕೊಳ್ಳಬೇಕಾದದ್ದು ಮುಂದಿನ ಮೂರು ತಿಂಗಳನ್ನು, ಹಿಂದಿನ ಹದಿನೈದು ವರ್ಷವನ್ನಲ್ಲ.

ಇನ್ನೊಂದು ಸಂಗತಿಯೂ ಈ ಲೆಕ್ಕವನ್ನು ಬದಲಿಸಲಿದೆ. 2026ರ ಋತುವಿನಿಂದ ಜಾರಿಗೆಂದು 2025ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪಡೆದ ನಿಯಮದ ಪ್ರಕಾರ, ಅಂಪೈರ್ ಕೊಟ್ಟ ‘ಬಾಲ್’ ಅಥವಾ ‘ಸ್ಟ್ರೈಕ್’ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸಬಹುದು. ಪ್ರತಿ ತಂಡಕ್ಕೆ ಎರಡು ಅವಕಾಶ. ಪ್ರಶ್ನೆ ಸರಿಯಾಗಿದ್ದರೆ ಅವಕಾಶ ಕೈಯಲ್ಲೇ ಉಳಿಯುತ್ತದೆ. ಕೇಳುವ ಹಕ್ಕು ಪಿಚರ್, ಕ್ಯಾಚರ್, ಬ್ಯಾಟುಗಾರ ಮೂವರಿಗೆ ಮಾತ್ರ. ಮೊಲಿನಾನ ಕೈಚಳಕಕ್ಕೆ ಇದರಿಂದ ಬೆಲೆ ತುಸು ತಗ್ಗೀತು. ಆದರೆ ಯಾವ ಚೆಂಡಿಗೆ ಕೇಳಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂಬ ಕಣ್ಣಳತೆ ಸಾವಿರಾರು ಪಂದ್ಯ ಕುಕ್ಕರುಗಾಲಿನಲ್ಲಿ ಕೂತವನಿಗೆ ಹೆಚ್ಚಿರುತ್ತದಲ್ಲವೇ? ಮುದಿ ಕ್ಯಾಚರ್‌ನ ಒಂದು ಕಸುಬನ್ನು ಯಂತ್ರ ಕಿತ್ತುಕೊಂಡರೆ ಇನ್ನೊಂದು ಕಸುಬನ್ನು ಕೊಡಲೂಬಹುದು.

ಕೊನೆಗೆ ಕ್ಯಾಚರ್‌ನ ಕಡೆಯಿಂದಲೂ ಒಂದು ಮಾತು. 1993ರ ಜೂನ್ 22ರಂದು 45 ವರ್ಷದ ಕಾರ್ಲ್‌ಟನ್ ಫಿಸ್ಕ್ ಕ್ಯಾಚರ್ ಆಗಿ 2226ನೆಯ ಪಂದ್ಯ ಆಡಿ ದಾಖಲೆ ಮಾಡಿದ. ಷಿಕಾಗೊ ವೈಟ್ ಸಾಕ್ಸ್ ಅವನನ್ನು ಅಭಿನಂದಿಸಿತು, ಆರೇ ದಿನಗಳಲ್ಲಿ ತಂಡದಿಂದ ಕೈಬಿಟ್ಟಿತು. ಆ ದಾಖಲೆಯನ್ನು 2009ರಲ್ಲಿ ಮುರಿದವನು ಬೇರಾರೂ ಅಲ್ಲ, ಯಾಂಕೀಸ್‌ಗೆ ಬೇಡವಾಗಿದ್ದ ರೊಡ್ರಿಗಸ್. ಆಗ ಅವನು ಹ್ಯೂಸ್ಟನ್‌ನಲ್ಲಿದ್ದ. ಎರಡು ತಿಂಗಳಲ್ಲಿ ಅವನನ್ನೂ ಟೆಕ್ಸಸ್‌ಗೆ ದಾಟಿಸಿದರು. ಒಟ್ಟು 2427 ಪಂದ್ಯಗಳಿಗೆ ಕೂತು ಎದ್ದು ಆತ ನಿವೃತ್ತನಾದ. ಇಂಥವರನ್ನು ಕೊಳ್ಳುವ ತಂಡಗಳು ಲೆಕ್ಕ ಹಾಕಲಿ, ಚೌಕಾಸಿ ಮಾಡಲಿ, ಅದು ವ್ಯಾಪಾರದ ಧರ್ಮ. ಆದರೆ ಏನನ್ನು ಕೊಳ್ಳುತ್ತಿದ್ದೇವೆಂದು ಸರಿಯಾಗಿ ತಿಳಿದು ಕೊಂಡರೆ ತಂಡಕ್ಕೂ ಲಾಭ, ಆ ಸವೆದ ಮಂಡಿಗೂ ಮರ್ಯಾದೆ. ಬ್ಯಾಟು ನಂಬಿ ಕೊಂಡವನು ಆಗಸ್ಟಿನಲ್ಲೇ ಆ ಮುದುಕನನ್ನು ಬೈಯತೊಡಗುತ್ತಾನೆ. ಕಣ್ಣು, ಕಿವಿ, ನೆನಪನ್ನು ನಂಬಿ ಕೊಂಡವನಿಗೆ ಮಾತ್ರ ಅಕ್ಟೋಬರಿನವರೆಗೆ ಕಾಯುವ ತಾಳ್ಮೆಯಿರುತ್ತದೆ.